ಹಿಂದಿನ ಸೀಟು

ಯಾವ ಬಾಗಿಲು ತೆಗೆಯಬೇಕೆಂದು ತಿಳಿಯದೆ ಅವನು ಕಾರಿನ ಪಕ್ಕ ನಿಂತೇ ಇದ್ದ. ಅವಳು ಆಗಲೇ ಸ್ಟಿಯರಿಂಗಿನ ಹಿಂದೆ ಕೂತಿದ್ದಳು. ಅಭ್ಯಾಸಬಲದಿಂದ ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲು ಕೈ ಕೆಳಗೆ ಹಾಕಿ, ಅದು ತಾನು ಬಿಟ್ಟುಹೋದ ಅಳತೆಯಲ್ಲೇ ಇದ್ದದ್ದು ಗೊತ್ತಾಗಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಳು. ಅವಳು ಮನೆ ಬಿಟ್ಟ ಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಕೂರುವುದಾದರೂ ಯಾರು? ಬ್ಯಾಂಕಿನ ಕಾಗದ, ವಿಮೆಯ ಕಾಗದ ಎಲ್ಲದರಲ್ಲೂ ಮಾಲೀಕನೆಂದು ಇದ್ದದ್ದು ಅವನ ಹೆಸರು. ಆದರೆ ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಈಗ ಅದನ್ನು ಮಾರುವುದಕ್ಕೂ ಅವಳೇ ಬಂದು ಓಡಿಸಿಕೊಂಡು ಹೋಗಬೇಕಾಗಿತ್ತು. ಮುಂದಿನ ಬಾಗಿಲು ತೆಗೆದು ಅವಳ ಪಕ್ಕ ಕೂತರೆ ಏನೂ ಆಗಿಲ್ಲವೆನ್ನುವ ಭಂಡತನವಾದೀತು ಅನ್ನಿಸಿತು. ಹಿಂದಿನ ಬಾಗಿಲಿನ ಹಿಡಿಯನ್ನಂತೂ ಮುಟ್ಟುವ ಧೈರ್ಯವಿರಲಿಲ್ಲ. ಕಾಗದಪತ್ರದ ಚೀಲವನ್ನು ಎದೆಗೆ ಅವಚಿಕೊಂಡು, ಧೂಳು ಕೂತ ಗಾಜಿನಲ್ಲಿ ತನ್ನ ಮುಖವೇ ಮಸುಕಾಗಿ ಕಾಣುತ್ತಿದ್ದುದನ್ನು ನೋಡುತ್ತಾ ನಿಂತ.

"ಹತ್ತು, ಹೊತ್ತಾಗತ್ತೆ," ಎಂದಳು ಅವಳು ಒಳಗಿನಿಂದ. ಮುಂದಿನ ಬಾಗಿಲನ್ನು ಅವಳೇ ಕೈ ಚಾಚಿ ತೆರೆದಳು.

ಕೀ ತಿರುಗಿಸಿದರೆ ಕಟಕಟ ಎಂದು ಸದ್ದಾಯಿತೇ ಹೊರತು ಎಂಜಿನ್ ಜೀವ ಹಿಡಿಯಲಿಲ್ಲ.

"ಬ್ಯಾಟರಿ ಇಳಿದುಹೋಗಿದೆ. ಒಂದು ಸಲಾನೂ ಸ್ಟಾರ್ಟ್ ಮಾಡ್ಲಿಲ್ವಾ?"

"ನಂಗೆ ಬರಲ್ವಲ್ಲ."

"ಕೀ ತಿರುಗ್ಸೋದಕ್ಕೂ ಬರಲ್ವಾ?"

ಅವನು ಇಳಿದು ಹಿಂದಕ್ಕೆ ಹೋದ. ಗೇಟಿನ ಕಾವಲುಗಾರ ಬೀಡಿ ಎಸೆದು, ಕೇಳುವ ಮೊದಲೇ ಓಡಿಬಂದು ಭುಜ ಕೊಟ್ಟ. ಇಬ್ಬರೂ ತಳ್ಳತೊಡಗಿದರು. ಮೇಲಿನ ಮಹಡಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರು, ಹಲ್ಲುಜ್ಜುತ್ತಿದ್ದವರು ಕಟಕಟೆಗೆ ಬಂದು ನೋಡಿದರು. "ಮೇಡಮ್ಮು ಬಂದ್ರಲ್ಲ ಸಾರ್, ಒಳ್ಳೇದಾಯ್ತು," ಎಂದ ಕಾವಲುಗಾರ ಏದುಸಿರು ಬಿಡುತ್ತಾ. "ಊರಿಗೆ ಹೋಗಿದ್ರಾ?" ಅವನು "ಹೂಂ" ಎಂದ. ಹೇಳಬೇಕೆಂದು ಹೇಳಿದ್ದಲ್ಲ, ಸುಳ್ಳು ಅವನ ಬಾಯಿಗೆ ಉಗುಳಿನಷ್ಟು ಸಲೀಸಾಗಿ ಬಂದುಬಿಡುತ್ತಿತ್ತು. ಅವಳ ಪಕ್ಕದ ಗಾಜು ಇಳಿದಿತ್ತು. ಕನ್ನಡಿಯಲ್ಲಿ ಅವಳ ಕಣ್ಣು ಒಂದು ಗಳಿಗೆ ಅವನ ಕಡೆ ತಿರುಗಿ ಮತ್ತೆ ರಸ್ತೆಗೆ ಹೋಯಿತು. ಇಳಿಜಾರು ಸಿಕ್ಕಿದ ಕೂಡಲೇ ಅವಳು ಕ್ಲಚ್ ಬಿಟ್ಟಳು, ಕಾರು ಒಮ್ಮೆ ಮುಗ್ಗರಿಸಿ ಗುರ್ರೆಂದಿತು. ಅವನು ಅದರ ಹಿಂದೆ ಚೀಲ ಹಿಡಿದು ಓಡಿದ. ಮೇಲೆ ಯಾರೋ ನಕ್ಕರು.

ನಗು ಅಂದರೆ ಅವನಿಗೆ ಆಗುತ್ತಿರಲಿಲ್ಲ. ನಕ್ಕಾಗ ಕಾಣುವುದನ್ನು ಮಾಡಿಕೊಡುವುದೇ ಅವನ ಕಸುಬು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳನ್ನಿಟ್ಟುಕೊಂಡು ಮೇಣದಲ್ಲಿ ಹಲ್ಲಿನ ಸೆಟ್ಟುಗಳನ್ನು ಕೂರಿಸುತ್ತಾ ದಿನವಿಡೀ ಒಂದು ದೀಪದ ಕೆಳಗೆ ಬಗ್ಗಿ ಕೂತಿರುತ್ತಿದ್ದ. ಯಾರ ಹಲ್ಲೆಂಬುದು ಅವನಿಗೆ ಗೊತ್ತಿಲ್ಲ, ಹಲ್ಲು ಮಾಡಿದವನು ಯಾರೆಂಬುದು ಅವರಿಗೆ ಗೊತ್ತಿಲ್ಲ. ಆ ಏರ್ಪಾಡು ಅವನ ಸ್ವಭಾವಕ್ಕೆ ಒಗ್ಗಿತ್ತು. ಅವಳದು ತದ್ವಿರುದ್ಧವಾದ ಕೆಲಸ. ಲಕ್ವ ಹೊಡೆದವರ, ಮೂಳೆ ಮುರಿದವರ ಮನೆಮನೆಗೆ ಹೋಗಿ ಕೈಕಾಲು ಹಿಡಿದು ವ್ಯಾಯಾಮ ಮಾಡಿಸಿ ಎಬ್ಬಿಸಿ ನಡೆಸುವುದು. ಕಾರು ಬೇಕಾಗಿದ್ದದ್ದು ಅವಳಿಗೆ. ಆದರೆ ತಿಂಗಳಿಗೆ ಇಷ್ಟು ಎಂದು ಕಟ್ಟುನಿಟ್ಟಾದ ಸಂಬಳವಿಲ್ಲದವಳಿಗೆ ಸಾಲ ಕೊಡುವುದಿಲ್ಲವೆಂದು ಬ್ಯಾಂಕಿನವರು ಹೇಳಿದ್ದರಿಂದ ಅವನು ಸಹಿ ಹಾಕಿದ. ಅವಳು ಕೂಡಿಟ್ಟದ್ದೆಲ್ಲ ಮುಂಗಡಕ್ಕೆ ಹೋಯಿತು, ಕಂತಿನಲ್ಲಿ ಅರ್ಧರ್ಧ. ಕಾರು ತಂದ ದಿನ ಅವಳು ಅವನಿಗೆ ಕಲಿಸಿಯೇ ತೀರುತ್ತೇನೆಂದು ಊರಾಚೆಯ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದಳು. ಇಡೀ ಮೈದಾನದಲ್ಲಿ ಇದ್ದದ್ದು ಒಂದೇ ಕಂಬ. ಅವನು ಅದಕ್ಕೇ ಹೋಗಿ ಗುದ್ದಿದ. ಅವಳು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಅವನ ತಲೆಯನ್ನು ಎದೆಗೆ ಎಳೆದುಕೊಳ್ಳಲು ಬಂದಳು. ಅವನು ಕೈ ಕೊಡವಿ ಇಳಿದುಬಿಟ್ಟ. ಆಮೇಲೆ ಎಷ್ಟು ಕರೆದರೂ ಸ್ಟಿಯರಿಂಗ್ ಮುಟ್ಟಲಿಲ್ಲ. ಈಗ ಅವನಿಗೆ ಅನ್ನಿಸುತ್ತಿದ್ದುದೇನೆಂದರೆ, ಆ ನಗುವಿನಲ್ಲಿ ತನ್ನನ್ನು ಹೀಯಾಳಿಸುವಂಥದ್ದು ಒಂದೆಳೆಯೂ ಇರಲಿಲ್ಲ. ಅದು ಅವನಿಗೆ ಅಂದೂ ಗೊತ್ತಿತ್ತು. ಗೊತ್ತಿದ್ದೂ ಅವಮಾನವನ್ನು ಬ್ಯಾಂಕಿನಲ್ಲಿಟ್ಟ ಹಣದಂತೆ ಬೆಳೆಯಲು ಬಿಟ್ಟಿದ್ದ.

ಕಡೆಗೆ ಅದನ್ನೇ ಬಳಸಿದ. ಅವಳು ಎರಡು ಚೀಲ ತುಂಬಿಕೊಂಡು ಗೆಳತಿಯ ಮನೆಗೆ ಹೊರಟ ದಿನ, ಎದುರಿಗೆ ಮಾತಾಡಲಾರದೆ ಪಕ್ಕದ ಕೋಣೆಯಲ್ಲಿ ಕೂತು ಅವಳ ಮೊಬೈಲಿಗೆ ಬರೆದು ಕಳಿಸಿದ: ಕಾರು ನನ್ನ ಹೆಸರಲ್ಲಿದೆ, ಕೀ ಇಟ್ಟುಹೋಗು. ಗೋಡೆಯಾಚೆ ಅವಳ ಮೊಬೈಲು ಟಣ್ಣೆಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಊಟದ ಮೇಜಿನ ಮೇಲೆ ಕೀ ಇಟ್ಟ ಸದ್ದೂ ಕೇಳಿಸಿತು. ಆಗ ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ. ಆಮೇಲಿನ ತಿಂಗಳೂ, ಅದರ ಮುಂದಿನ ತಿಂಗಳೂ, ಅವಳಿಗೆ ಓಡಿಸಲು ಸಿಗದ ಕಾರಿನ ಅರ್ಧ ಕಂತು ಅವಳ ಕಡೆಯಿಂದ ತಪ್ಪದೆ ಬಂತು. ಒಂದು ಮಾತಿಲ್ಲದೆ ಬರುತ್ತಿದ್ದ ಆ ಹಣ ಅವನನ್ನು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಇವರಿಬ್ಬರ ವಿಷಯ ಗೊತ್ತಿದ್ದದ್ದು ಅವನ ಕಡೆ ಅಕ್ಕನೊಬ್ಬಳಿಗೇ. "ಮಾರಿ ಸಾಲ ತೀರಿಸಿ ಉಳಿದದ್ದನ್ನ ಹಂಚ್ಕೊಳ್ಳಿ, ಮುಗೀತು," ಎಂದಿದ್ದಳು ಅಕ್ಕ. "ಸುಮ್ನೆ ಬಿಟ್ಟುಕೊಡ್ತೀನಿ ಅಂತ ಮಾತ್ರ ಹೊರಡಬೇಡ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ." ಅಕ್ಕನಿಗೆ ಎಲ್ಲದಕ್ಕೂ ಒಂದು ಗಾದೆ ಇರುತ್ತಿತ್ತು.

ಸಿಗ್ನಲ್ಲಿನಲ್ಲಿ ಅವಳ ಮೊಬೈಲು ರಿಂಗಾಯಿತು. ಮಾತಾಡಿ ಇಟ್ಟು, "ನನ್ನ ಪೇಷೆಂಟೊಬ್ರು, ಡ್ರಾಯಿಂಗ್ ಮೇಷ್ಟ್ರು," ಎಂದಳು. "ಬೆಳಗ್ಗಿಂದ ಕಾಯ್ತಿದಾರಂತೆ. ದಾರೀಲೇ ಇದೆ ಮನೆ. ಸ್ವಲ್ಪ ಹೊತ್ತು ಹೋಗಿ ಬಂದ್ರೆ ನಿಂಗೆ ತೊಂದ್ರೆ ಇಲ್ವಾ?" ತನ್ನದಲ್ಲದ ಗಾಡಿಯಲ್ಲಿ ಕೂತವರ ಹಾಗೆ ಕೇಳಿದಳು. ಅವನು ತಲೆಯಾಡಿಸಿದ. ಎದುರಿನ ಗಾಜಿನ ಒಳಗೆ ಅವಳು ಯಾವಾಗಲೋ ಬೆರಳಿನಿಂದ ಒರೆಸಿದ ಗುರುತು ಬಿಸಿಲಿಗೆ ಎದ್ದು ಕಾಣುತ್ತಿತ್ತು. ಕೇಳಲಿ, ಎಂದುಕೊಂಡ ಅವನು. ಕಾರು ನನಗೆ ಬಿಡು ಎಂದು ಒಂದು ಸಲ ಬಾಯಿಬಿಟ್ಟು ಕೇಳಲಿ, ಕೊಟ್ಟುಬಿಡುತ್ತೇನೆ. ಎಂದಿನಿಂದಲೂ ಅವನು ಹಾಗೇ: ಕೇಳಿದರೆ ಕೊಡುವವನು. ಅಮ್ಮ ಕೇಳಿದ್ದರೆ ಅಮ್ಮನಿಗೂ ಹೇಳಿಬಿಡುತ್ತಿದ್ದ. ಅಮ್ಮ ಕೇಳಿರಲಿಲ್ಲ. ಯಾರಪ್ಪಾ ಈ ಹುಡುಗಿ ಎಂದಷ್ಟೇ ಕೇಳಿದ್ದಳು, ಅದೂ ರೈಲು ಇಳಿದು ನಿಲ್ದಾಣದ ಹೊರಗೆ, ಜನಜಂಗುಳಿಯಲ್ಲಿ, ಇದ್ದಕ್ಕಿದ್ದಂತೆ.

ಅಮ್ಮ ಬರುತ್ತಾಳೆಂದರೆ ಅವಳು ಗೆಳತಿಯ ಮನೆಗೆ ಹೋಗುವುದು ವಾಡಿಕೆಯಾಗಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಚಪ್ಪಲಿಯವರೆಗೆ ಅವಳ ಸಾಮಾನನ್ನೆಲ್ಲ ಅವನು ಮಂಚದ ಕೆಳಗೆ ತಳ್ಳುತ್ತಿದ್ದ. ಆ ಸಲ ಅಮ್ಮನ ಮಂಡಿನೋವು ಹೆಚ್ಚಾಗಿದೆಯೆಂದು, ಬಸ್ಸು ಹತ್ತಲಾರರೆಂದು, ಅವಳೇ ಕಾರು ತಂದಳು. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಎಂದೂ ಉಡದ ಸೀರೆ ಉಟ್ಟು ಬಂದಿದ್ದಳು. "ಯಾರಪ್ಪಾ ಈ ಹುಡುಗಿ?" ಎಂದಳು ಅಮ್ಮ. "ಡ್ರೈವರ್ ಅಮ್ಮ, ಕಾರಿಗೆ," ಎಂದು ಅವನ ಬಾಯಿ ಹೇಳಿತು. ಅವಳು ಒಂದು ಕ್ಷಣ ನಿಂತು, ಅಮ್ಮನ ಚೀಲ ತೆಗೆದುಕೊಂಡು ಡಿಕ್ಕಿಯಲ್ಲಿಟ್ಟಳು. ಇಳಿಸುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಅವಳ ಕೈಗೆ ದುಡ್ಡಿಟ್ಟು, "ಟೀ ಕುಡಿಯಮ್ಮಾ, ಚೆನ್ನಾಗಿ ಓಡಿಸಿದೆ," ಎಂದಳು. ಅವಳು ತೆಗೆದುಕೊಂಡಳು. ಬರ್ತೀನಮ್ಮ, ಎಂದು ಹೇಳಿ ಹೋದಳು. ಅದರ ಮಾತು ಅವರಿಬ್ಬರ ನಡುವೆ ಎಂದೂ ಬರಲಿಲ್ಲ. ಜಗಳಗಳೆಲ್ಲ ಆದದ್ದು ಕರೆಂಟು ಬಿಲ್ಲಿಗೆ, ಒಗೆಯದ ಬಟ್ಟೆಗೆ, ಆರಿಸದ ದೀಪಕ್ಕೆ.

ಮೇಷ್ಟ್ರ ಮನೆ ಮೊದಲನೆಯ ಮಹಡಿಯಲ್ಲಿತ್ತು. ಕಾರಿನಲ್ಲೇ ಇರುತ್ತೇನೆಂದರೂ ಅವಳು, "ಬಿಸಿಲು, ಬಾ," ಎಂದು ಕರೆದಳು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ಅವಳನ್ನು ಕಂಡ ಕೂಡಲೇ ಒಳಗೆ ತಿರುಗಿ, "ಬಂದ್ಲು ನೋಡಿ, ಇನ್ನಾದ್ರೂ ಮುಖ ಸಡಿಲ ಬಿಡಿ," ಎಂದು ಕೂಗಿದರು. "ಬಸ್ಸಲ್ಲಿ ಬರೋಕೆ ಶುರುಮಾಡಿದ ಮೇಲೆ ಇವಳು ಯಾವಾಗ ಬರ್ತಾಳೋ ಅಂತ ಕಿಟಕಿ ಬಿಟ್ಟು ಕದಲಲ್ಲ ನಮ್ಮನೆಯವ್ರು." ಆಮೇಲೆ ಅವನನ್ನು ನೋಡಿ, "ಇವರು ಯಾರಮ್ಮ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಅವನು ಒಳಗೊಳಗೇ ಪದಗಳನ್ನು ತಡಕಿದ. ಪರಿಚಯದವರು, ಎನ್ನಬಹುದು. ಜೊತೆ ಕೆಲಸ ಮಾಡುವವರು. ಅವಳಿಗೆ ಸಹಾಯವಾಗಲೆಂದು ತಾನೇ ಒಂದನ್ನು ಹೇಳಿಬಿಡಲು ಬಾಯಿ ತೆರೆದ.

"ನಾವಿಬ್ರೂ ಒಟ್ಟಿಗಿದ್ವಿ ಅಮ್ಮ," ಎಂದಳು ಅವಳು, ಚಪ್ಪಲಿಯ ಪಟ್ಟಿ ಬಿಚ್ಚುತ್ತಾ. "ಮದುವೆ ಆಗಿರ್ಲಿಲ್ಲ. ಈಗ ಬೇರೆ ಆಗಿದೀವಿ. ಕಾರು ಮಾರೋಕೆ ಹೊರಟಿದ್ವಿ, ಹಾಗೇ ಬಂದೆ."

"ಓ," ಎಂದರು ಮೇಷ್ಟ್ರ ಹೆಂಡತಿ. ಅವನನ್ನೊಮ್ಮೆ ನೋಡಿದರು. "ಕಾಫಿಗೆ ಸಕ್ಕರೆ ಹಾಕ್ತೀರಾ ನೀವು?"

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಅವನು ಹೂಂ ಎಂದದ್ದು ಸಕ್ಕರೆಗೋ ಬೇರೆ ಯಾವುದಕ್ಕೋ ಅವನಿಗೇ ತಿಳಿಯಲಿಲ್ಲ. ನಡುಮನೆಯಲ್ಲಿ ಅವಳು ಮೇಷ್ಟ್ರನ್ನು ಕುರ್ಚಿಯಿಂದ ಎಬ್ಬಿಸಿದಳು. ತಾನು ಅವರಿಗೆ ಎದುರಾಗಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ, ಎರಡೂ ಕೈಗಳನ್ನು ಅವರ ಮೊಣಕೈಗಳ ಹತ್ತಿರ ಚಾಚಿ, ಆದರೆ ಮುಟ್ಟದೆ, "ನೆಲ ನೋಡ್ಬೇಡಿ ಮೇಷ್ಟ್ರೇ, ನನ್ನ ನೋಡಿ," ಎನ್ನುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವಳು ಕೆಲಸ ಮಾಡುವುದನ್ನು ಅವನು ನೋಡಿರಲಿಲ್ಲ. ಬೀಳುವವರನ್ನು ಹಿಡಿಯಲು ಸಿದ್ಧವಾಗಿ, ಆದರೂ ಹಿಡಿಯದೆ ಇರುವ ಕೈಗಳು. ಸಂಜೆ ಬಂದು ಸುಸ್ತೆಂದು ಸೋಫಾದ ಮೇಲೆ ಮಲಗುತ್ತಿದ್ದವಳಿಗೆ, ದಿನವೆಲ್ಲ ಮಾತಾಡಿ ಮಾತಾಡಿ ಮನೆಯಲ್ಲಿ ಮಾತೇ ಉಳಿಯಲ್ಲ ನಿನಗೆ ಎಂದು ಅವನು ಆಡಿದ್ದು ನೆನಪಾಯಿತು. ಮೇಷ್ಟ್ರು ಬಾಯಿ ಓರೆ ಮಾಡಿಕೊಂಡು ಕಿಟಕಿಯ ತನಕ ನಡೆದು, ಗೆದ್ದವರಂತೆ ಹೆಂಡತಿಯ ಕಡೆ ತಿರುಗಿದರು. ಅವನು ಲೋಟ ಹಿಡಿದು ಬಾಲ್ಕನಿಗೆ ಸರಿದ. ಅಲ್ಲಿ ಅಮ್ಮನ ಫೋನು ಬಂತು.

"ತಿಂಡಿ ಆಯ್ತೇನೋ?"

"ಆಯ್ತು. ಕಾರು ಮಾರೋಕೆ ಹೋಗ್ತಿದೀನಿ ಅಮ್ಮ."

"ಅಯ್ಯೋ, ಯಾಕೋ? ಮತ್ತೆ ಆ ಹುಡುಗಿ ಕೆಲಸ? ಡ್ರೈವರ್ ಹುಡುಗಿ ಕಣೋ. ಬ್ರೇಕು ಹಾಕಿದ್ದೇ ಗೊತ್ತಾಗ್ಲಿಲ್ಲ ನನ್ನ ಮಂಡಿಗೆ. ಬೇರೆ ಕಡೆ ಎಲ್ಲಾದ್ರೂ ಹೇಳಿ ಸೇರಿಸು, ಪಾಪ."

ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಇನ್ನೊಂದು ಸಲ ಮೇಷ್ಟ್ರೇ, ಇನ್ನೊಂದೇ ಸಲ. ಅವನು ಲೋಟವನ್ನು ಕಟಕಟೆಯ ಮೇಲಿಟ್ಟ.

"ಅವಳು ಡ್ರೈವರ್ ಅಲ್ಲಮ್ಮ."

"ಮತ್ತೆ?"

ಹೇಳಿದ. ತಡವರಿಸುತ್ತಾ, ಹಿಂದುಮುಂದಾಗಿ, ಮುಗಿದುಹೋಯಿತೆಂಬುದನ್ನು ಮೊದಲು ಹೇಳಿ ಶುರುವಾದದ್ದನ್ನು ಕೊನೆಗೆ ಹೇಳಿದ. ಅಮ್ಮ ಬೈಯುತ್ತಾಳೆ, ಅಳುತ್ತಾಳೆ, ಮದುವೆಯಿಲ್ಲದೆ ಒಂದೇ ಮನೆಯಲ್ಲಿ ಹೇಗಿದ್ದಿರೋ ಎನ್ನುತ್ತಾಳೆಂದು ಕಾದ. ಇಷ್ಟು ವರ್ಷ ಅವನು ಹೆದರಿದ್ದು ಆ ಒಂದು ಮಾತಿಗೆ.

"ನಾನು ಅವಳ ಕೈಗೆ ದುಡ್ಡಿಟ್ಟೆನಲ್ಲೋ," ಎಂದಳು ಅಮ್ಮ.

"ಹೂಂ."

"ನೀನು ಪಕ್ಕದಲ್ಲೇ ನಿಂತಿದ್ದೆ."

"ಹೂಂ."

ಫೋನು ಕತ್ತರಿಸುವುದು ಅಮ್ಮನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲೋ ಇಟ್ಟು ಎದ್ದು ಹೋದಳು. ಅವಳ ಕಾಲೆಳೆತ, ನಲ್ಲಿ ತಿರುಗಿಸಿದ್ದು, ಪಾತ್ರೆಯ ಮೇಲೆ ನೀರು ಸುರಿಯುತ್ತಲೇ ಇದ್ದದ್ದು ಅವನಿಗೆ ಬಹಳ ಹೊತ್ತು ಕೇಳಿಸಿತು.

ಹಳೆಯ ಕಾರುಗಳನ್ನು ಕೊಂಡು ಮಾರುವವನ ಅಂಗಳ ಹೆದ್ದಾರಿಯ ಪಕ್ಕ ಇತ್ತು. ತೊಳೆದು ಸಾಲಾಗಿ ನಿಲ್ಲಿಸಿದ ಕಾರುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅಂಗಡಿಯವನು ದಪ್ಪಗೆ, ಹಸನ್ಮುಖಿಯಾಗಿದ್ದ. ಬಾನೆಟ್ ಎತ್ತಿ ಮೂಸಿದ, ಬಾಗಿಲುಗಳನ್ನು ತೆಗೆದು ಹಾಕಿದ, ಬೆರಳ ಗೆಣ್ಣಿನಿಂದ ಮೈಯೆಲ್ಲ ಕುಟ್ಟಿ ಸದ್ದು ಕೇಳಿದ. "ಮೇಡಂ ಓಡಿಸಿದ್ದಾ? ಅದಕ್ಕೇ ಕ್ಲಚ್ ಹೊಸದರ ಹಾಗಿದೆ. ಲೇಡೀಸ್ ಗಾಡಿ ಅಂದ್ರೆ ಕಣ್ಣು ಮುಚ್ಕೊಂಡು ತಗೋಬೋದು ಸಾರ್." ಮುಂದಿನ ಬಂಪರಿನ ಹತ್ತಿರ ಬಗ್ಗಿ, "ಇಲ್ಲೊಂದು ಕಡೆ ಗುದ್ದಿದೆ. ಇದೊಂದು ಯಾರು ಮಾಡಿದ್ದು?" ಎಂದ. ಅವಳು ಪಕ್ಕದಲ್ಲಿ ನಿಂತಿದ್ದ ಅವನ ಕಡೆ ನೋಡಲಿಲ್ಲ. "ನಾನೇ," ಎಂದಳು. ಅವಳು ಹಾಗೆ ಹೇಳಿದ ಸಲೀಸು ನೋಡಿ ಅವನು ಆ ಗುದ್ದಿನ ಗುರುತನ್ನು ಹೆಬ್ಬೆರಳಿನಿಂದ ಸವರಿದ. ಅಂಗಡಿಯವನು ಬೆಲೆ ಹೇಳಿದ. ಬ್ಯಾಂಕಿನ ಸಾಲವನ್ನು ತಾನೇ ತೀರಿಸಿ ಕಾಗದ ಬಿಡಿಸಿಕೊಳ್ಳುತ್ತೇನೆ, ಉಳಿಯುವುದು ದೊಡ್ಡ ಮೊತ್ತವೇನಲ್ಲ, ಅದನ್ನು ಯಾರ ಖಾತೆಗೆ ಹಾಕಲಿ ಎಂದು ಕೇಳಿದ.

"ಇಬ್ರಿಗೂ ಅರ್ಧರ್ಧ," ಎಂದಳು ಅವಳು.

"ಬೇಡ," ಎಂದ ಅವನು. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಮಾರೋದು ಬೇಡ. ಕಾರು ಇವಳೇ ಇಟ್ಕೊಳ್ಲಿ. ಉಳಿದ ಕಂತು ನಾನು ಕಟ್ತೀನಿ."

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ಇಂಥವನ್ನು ಕಂಡವನಂತೆ, ಟೀ ಹೇಳಿ ಬರುತ್ತೇನೆಂದು ಸರಿದುಹೋದ. ಅವಳು ಅವನನ್ನು ಕಾರುಗಳ ಸಾಲಿನ ಆಚೆ ಕರೆದುಕೊಂಡು ಹೋದಳು. ಅಲ್ಲಿ ಚಕ್ರ ಬಿಚ್ಚಿದ ಒಂದು ವ್ಯಾನು ಇಟ್ಟಿಗೆಗಳ ಮೇಲೆ ನಿಂತಿತ್ತು.

"ಕಂತು ನೀನು ಕಟ್ತೀಯ. ಹೆಸರು ನಿಂದು. ಓಡಿಸೋಳು ನಾನು," ಎಂದಳು, ಸಮಾಧಾನವಾಗಿಯೇ. "ಅಂಥೋರನ್ನ ಏನಂತಾರೆ, ನೀನೇ ಹೇಳು."

ಅವನು ಇಟ್ಟಿಗೆಗಳನ್ನು ನೋಡುತ್ತಾ ನಿಂತ. ಬೆಳಗಿನಿಂದ ತನ್ನ ಔದಾರ್ಯವನ್ನು ಮಡಿಲಲ್ಲಿಟ್ಟುಕೊಂಡು ಬಂದವನು ಅದನ್ನು ಕೊಡಲು ಹೋದರೆ ಅದು ಕೈಯಲ್ಲಿ ಬೇರೇನೋ ಆಗಿ ಕಾಣುತ್ತಿತ್ತು. ನಿಜವಾಗಿ ಕೊಡುವುದಕ್ಕೋ, ಅಥವಾ ಪ್ರತಿ ತಿಂಗಳೂ ಅವಳ ಬದುಕಿನಲ್ಲಿ ತನ್ನದೊಂದು ಕೊಕ್ಕೆ ಸಿಕ್ಕಿಸಿ ಇಡುವುದಕ್ಕೋ?

"ಅಮ್ಮಂಗೆ ಹೇಳಿದೆ," ಎಂದ.

"ಯಾವಾಗ?"

"ಈಗ. ಮೇಷ್ಟ್ರ ಮನೇಲಿ. ಎಲ್ಲಾ ಹೇಳಿದೆ."

ಅವಳ ಮುಖದಲ್ಲಿ ಏನೋ ಎದ್ದು ಬಂದು, ತಡೆದು, ಹಿಂದಕ್ಕೆ ಹೋಯಿತು. "ಅವರಿಗೆ ತುಂಬಾ ಬೇಜಾರಾಯ್ತಾ?"

"ಹೂಂ."

"ಅವರದೇನೂ ತಪ್ಪಿಲ್ಲ ಅಂತ ಹೇಳು. ನಾನು ಹಾಗಂದೆ ಅಂತಾನೇ ಹೇಳು."

"ಅವತ್ತು ನಾನು ಹಾಗೆ ಹೇಳಬಾರದಾಗಿತ್ತು."

"ಹೇಳಿದ್ದು ಬಿಡು. ತಾಯಿ ಎದುರು ಯಾರಿಗಾದ್ರೂ ನಾಲಿಗೆ ತೊದಲತ್ತೆ. ನಾನದನ್ನ ಅಲ್ಲೇ ಮರೀತಿದ್ದೆ, ಆಣೆಗೂ. ಅವರನ್ನ ಹಿಂದೆ ಕೂರಿಸಿ, ನಿಂಗೆ ಅಂತ ಮುಂದಿನ ಬಾಗ್ಲು ತೆಗ್ದಿದ್ದೆ. ನೀನು ಅದನ್ನ ನೋಡ್ದೆ. ನೋಡಿ, ಮುಚ್ಚಿ, ಹೋಗಿ ಹಿಂದೆ ಕೂತೆ. ಮನೆ ಬರೋ ತನಕ ಪಕ್ಕದ ಸೀಟು ಖಾಲಿ. ಕನ್ನಡೀಲಿ ನೀವಿಬ್ರೂ. ಅಷ್ಟು ಹೊತ್ತಿತ್ತಲ್ಲೋ ನಿಂಗೆ. ಒಂದು ಸಿಗ್ನಲ್ಲಲ್ಲಿ ಇಳಿದು ಮುಂದೆ ಬರಬಹುದಾಗಿತ್ತು," ಎಂದಳು.

ಅವನಿಗೆ ಅಳು ಬರುತ್ತದೆನ್ನಿಸಿತು, ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ. ಪ್ರತಿಯೊಂದು ಸಿಗ್ನಲ್ಲೂ, ಕೆಂಪು ದೀಪವೂ, ಅಮ್ಮನ ಮಾತಿಗೆ ಹೂಂ ಹೂಂ ಎನ್ನುತ್ತಾ ತಾನು ಅವಳ ಜಡೆಯ ಬುಡವನ್ನೇ ನೋಡುತ್ತಾ ಕೂತಿದ್ದದ್ದೂ ಒಂದೊಂದಾಗಿ ಕಣ್ಣಮುಂದೆ ಬಂದವು.

"ಸ್ಕೂಟರ್ ನೋಡಿದೀನಿ ಒಂದು," ಎಂದಳು ಅವಳು, ದನಿ ಬದಲಿಸಿ. "ಹಳೇದೇ. ನನ್ನ ಹೆಸರಲ್ಲೇ ತಗೋತೀನಿ. ನಡಿ, ಸೈನ್ ಹಾಕು."

ಹಾಕಿದ. ಎಲ್ಲೆಲ್ಲಿ ತೋರಿಸಿದರೋ ಅಲ್ಲೆಲ್ಲ ಹಾಕಿದ. ಆಮೇಲೆ ಇಬ್ಬರೂ ಸೇರಿ ಕಾರನ್ನು ಖಾಲಿ ಮಾಡಿದರು. ವ್ಯಾಯಾಮದ ರಬ್ಬರ್ ಪಟ್ಟಿಗಳು ಅವಳವು, ಕಡ್ಡಿ ಮುರಿದ ಛತ್ರಿ ಅವನದು. ಒಂದು ಟವೆಲ್ಲು ಯಾರದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನೀನು ತಗೋ, ಇಲ್ಲ ನೀನು ತಗೋ, ಎಂದು ಸ್ವಲ್ಪ ಹೊತ್ತು ಮರ್ಯಾದೆ ಮಾಡಿ ಕೊನೆಗೆ ಅದನ್ನು ಸೀಟಿನ ಮೇಲೇ ಬಿಟ್ಟರು. ಅವಳು ಬಾಗಿಲು ಹಾಕುವಾಗ ಎಂದಿನಂತೆ ಸೊಂಟದಿಂದ ಒಂದು ತಳ್ಳು ಕೊಟ್ಟಳು.

"ಒಂದು ಫೋಟೋ ಸಾರ್, ಮೇಡಂ," ಎಂದು ಅಂಗಡಿಯವನು ಮೊಬೈಲು ಹಿಡಿದು ಬಂದ. ಕೊಂಡವರದೂ ಮಾರಿದವರದೂ ಫೋಟೋ ತೆಗೆದು ಕಚೇರಿಯ ಗೋಡೆಗೆ ಹಚ್ಚುವುದು ಅಲ್ಲಿಯ ಪದ್ಧತಿಯಂತೆ. ಅವನಿಗೆ ಬೇಡವೆನ್ನಬೇಕೆನ್ನಿಸಿತು. ಅವಳು ಆಗಲೇ ಕಾರಿನ ಮುಂದೆ ಹೋಗಿ, ರಬ್ಬರ್ ಪಟ್ಟಿಗಳ ಚೀಲವನ್ನು ಹೆಗಲಿಗೇರಿಸಿ ನಿಂತಿದ್ದಳು. ಅವನು ಪಕ್ಕದಲ್ಲಿ ಹೋಗಿ ನಿಂತ. ಹತ್ತಿರ, ಇನ್ನೂ ಹತ್ತಿರ, ಎಂದ ಅಂಗಡಿಯವನು. ಪಕ್ಕದಲ್ಲಿ ನಿಂತವನ ಬಲಗೈ ಅವಳ ಭುಜದ ಕಡೆಗೆ ಏಳುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಆಯಿತು. "ಬರ್ತೀನಿ," ಎಂದಳು ಅವಳು, ಇಬ್ಬರಿಗೂ ಒಟ್ಟಾಗಿ. ಗೇಟು ದಾಟಿ, ಎರಡೂ ಕಡೆ ನೋಡಿ ರಸ್ತೆ ದಾಟಿದಳು. ಬಸ್ಸು ಬಂದು ಅವಳನ್ನು ಮರೆಮಾಡಿತು. ಬಸ್ಸು ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

"ಚೆನ್ನಾಗಿ ಬಂದಿದೆ ನೋಡಿ ಸಾರ್." ಅಂಗಡಿಯವನು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದ. ಅವಳು ನೇರವಾಗಿ ನೋಡುತ್ತಿದ್ದಳು. ಅವನ ಕೈ ಮಾತ್ರ, ನಿಲ್ಲದೆ ಹೋಗುತ್ತಿರುವ ಬಸ್ಸಿಗೆ ಅಡ್ಡ ಹಿಡಿದಂತೆ, ಗಾಳಿಯಲ್ಲಿ ಎದ್ದಿತ್ತು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗಿರುವ ಒಂದು ಫೋಟೋವನ್ನೂ ಅವನು ತೆಗೆಯಗೊಟ್ಟಿರಲಿಲ್ಲ. ಯಾರ ಕಣ್ಣಿಗಾದರೂ ಬಿದ್ದೀತೆಂದು.

"ಗೋಡೆಗೆ ಹಾಕ್ಲಾ ಸಾರ್?"

ಬೇಡ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. "ಹಾಕಿ," ಎಂದ.

"ಕೆಳಗೆ ಏನಂತ ಬರೀಲಿ? ಮಿಸ್ಟರ್ ಅಂಡ್ ಮಿಸೆಸ್ಸಾ?"

"ಅಲ್ಲ." ಅವನು ಕಚೇರಿಯ ಬಾಗಿಲಿನಿಂದ ಒಳಗಿನ ಗೋಡೆಯನ್ನು ನೋಡಿದ. ಸಾಲುಸಾಲು ಮುಖಗಳು, ಗಂಡ ಹೆಂಡಿರು, ಮಕ್ಕಳು, ಅಪ್ಪ ಮಗ, ಎಲ್ಲರೂ ಒಂದೊಂದು ಕಾರಿಗೆ ಆನಿಕೊಂಡು ನಗುತ್ತಿದ್ದರು. "ಓನರ್ಸ್ ಅಂತ ಬರೀರಿ. ಇಬ್ರೂ."

"ಆರ್‌ಸಿ ಬುಕ್ಕಲ್ಲಿ ನಿಮ್ಮ ಹೆಸರೊಂದೇ ಇದೆಯಲ್ಲ ಸಾರ್?"

"ಹೌದು," ಎಂದ ಅವನು. "ಅದು ತಪ್ಪು."